ನಾವು ಹೊಡೆದ ಬಣ್ಣ

ಚೆಸ್ಟರ್ ಗಪಿನ್ಸ್ಕಿಗೆ ಕಾರು ಓಡಿಸುವುದರಲ್ಲಿ ಅಂಥ ಆಸೆಯೇನೂ ಇರಲಿಲ್ಲ. ಅವನಿಗೆ ಬೇಕಿದ್ದದ್ದು ಕಾರಿನ ಒಳಗೆ, ಕಿಟಕಿ ಗಾಜಿನ ಸುತ್ತ ಕೂರುವ ತಗಡಿನ ಪಟ್ಟಿಯ ಬಣ್ಣ. ಅದು ಸರಿಯಾಗಬೇಕು. ಕೊನೆಯ ವರ್ಷಗಳಲ್ಲಿ ಆ ಮನುಷ್ಯ ದೇವರ ಹತ್ತಿರವೂ ಬೇರೆ ಏನನ್ನಾದರೂ ಕೇಳಿದ್ದು ಲೋಟಿಗೆ ಗೊತ್ತಿಲ್ಲ.

ಲೋಟಿ ಅವನ ಹೆಂಡತಿ. ಚರ್ಚಿನಲ್ಲಿ ಇಟ್ಟ ಹೆಸರು ಲಿಯೊಕಾಡಿಯಾ. ಹಾಗೆಂದು ಕರೆಯುತ್ತಿದ್ದವಳು ಅವಳ ಅಮ್ಮ ಒಬ್ಬಳೇ, ಅದೂ ಸಿಟ್ಟು ಬಂದಾಗ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಮಡಚಿ ಅವಳ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಮಕ್ಕಳಾಗಲಿಲ್ಲ. ಆ ಮಾತು ಮನೆಯಲ್ಲಿ ಎತ್ತುವುದನ್ನು ಇಬ್ಬರೂ ಯಾವಾಗಲೋ ಬಿಟ್ಟಿದ್ದರು.

ಇಂಡಿಯಾನಾದ ಆ ಊರಿನಲ್ಲಿ ಪಶ್ಚಿಮದ ಪೋಲಿಷ್ ಕೇರಿಯ ಗಂಡಸರೆಲ್ಲ ಕಾರು ಕಾರ್ಖಾನೆಗೇ ಹೋಗುತ್ತಿದ್ದರು. ಚೆಸ್ಟರ್‌ನ ಅಪ್ಪ ಎರಕದ ಮನೆಯಲ್ಲಿದ್ದ. ಮಗನ ಶ್ವಾಸಕೋಶ ಉಳಿಯಲಿ ಎಂದು ಮೇಸ್ತ್ರಿಯ ಕೈಕಾಲು ಹಿಡಿದು ಅವನನ್ನು ಬಣ್ಣದ ಕೋಣೆಗೆ ಸೇರಿಸಿದ. ಎರಕದ ಹೊಗೆ ತಪ್ಪಿತು, ಬಣ್ಣದ ಹೊಗೆ ಸಿಕ್ಕಿತು. ಕಿಟಕಿ ಪಟ್ಟಿಗಳನ್ನು ಕೊಕ್ಕೆಗೆ ತೂಗುಹಾಕಿ ಕಳಿಸುತ್ತಿದ್ದರು. ಚೆಸ್ಟರ್ ಸ್ಪ್ರೇ ಗನ್ನಿನಿಂದ ಒಂದು ಮಗ್ಗುಲು ಬಣ್ಣ ಹೊಡೆಯುತ್ತಿದ್ದ, ಎದುರು ನಿಂತ ಸ್ಟಾಶ್ ರೊಬಾಕ್ ಇನ್ನೊಂದು ಮಗ್ಗುಲು. ದಿನವಿಡೀ ಹಾಗೆ. ಸಂಜೆ ಇಬ್ಬರೂ ಮೂಗು ಸೀಟಿದರೆ ಕರವಸ್ತ್ರದ ಮೇಲೆ ಆ ದಿನದ ಬಣ್ಣ ಬರುತ್ತಿತ್ತು.

ಐವತ್ತೈದನೇ ಇಸವಿಯ ಕಾರಿಗೆ ಆಫೀಸಿನವರು ಆರಿಸಿ ಕಳಿಸಿದ್ದು ಒಂದು ಬೂದು. ಚೀಟಿಯ ಮೇಲೆ ಚೆನ್ನಾಗಿತ್ತು. ಪಟ್ಟಿಗೆ ಹೊಡೆದು ಸೀಟಿನ ಬಟ್ಟೆಯ ಪಕ್ಕ ಹಿಡಿದರೆ ನೀಲಿಗೆ ತಿರುಗಿತು, ಚಳಿಗೆ ಮರಗಟ್ಟಿದ ತುಟಿಯ ಹಾಗೆ. ಮೇಲಕ್ಕೆ ಹೇಳಿ ಕಳಿಸಿದರೆ ಉತ್ತರ ಬರುವಷ್ಟರಲ್ಲಿ ವರ್ಷ ಮುಗಿಯುತ್ತದೆ ಎಂದು ಮೇಸ್ತ್ರಿ ಯಾರನ್ನೂ ಕೇಳಲಿಲ್ಲ. ಪ್ರತಿ ಪೀಪಾಯಿಗೆ ಒಂದು ಕಾಫಿ ಡಬ್ಬಿಯಷ್ಟು ಕಂದು ಸುರಿದು ಕಲಕಿಸಿದ. ನೀಲಿ ಹೋಯಿತು. ಹಾಲು ಜಾಸ್ತಿಯಾದ ಕೋಕೋದ ಮೇಲೆ ಬೂದಿ ಉದುರಿಸಿದಂತಹ ಒಂದು ಬೆಚ್ಚನೆಯ ಬಣ್ಣ ಬಂತು. ಆ ವರ್ಷ ಹೊರಗೆ ಹೋದ ಕಾರುಗಳೆಲ್ಲ ಅದೇ ಬಣ್ಣದಲ್ಲಿ ಹೋದವು. ಯಾರೂ ಅದನ್ನು ಎಲ್ಲೂ ಬರೆದಿಡಲಿಲ್ಲ. ಬರೆದರೆ ಮೇಸ್ತ್ರಿಯ ಕೆಲಸ ಹೋಗುತ್ತಿತ್ತು.

ಆಮೇಲೆ ಕ್ರಿಸ್‌ಮಸ್ ಹತ್ತಿರ ಬಂದಿದ್ದ ಒಂದು ಚಳಿಗಾಲದಲ್ಲಿ ಕಾರ್ಖಾನೆಯೇ ಮುಚ್ಚಿತು. ಚೆಸ್ಟರ್ ಶಾಲೆಯೊಂದರಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿ ಅಲ್ಲೇ ತಲೆ ನರೆಯಿಸಿಕೊಂಡ. ಕಾರ್ಖಾನೆಯ ಕಟ್ಟಡಗಳನ್ನು ಒಂದೊಂದಾಗಿ ಕೆಡವಿದರು. ಬಣ್ಣದ ಕೋಣೆ ಇದ್ದ ಕಡೆ ಹುಲ್ಲು ಬೆಳೆಯಿತು. ಲೋಟಿಯ ಜೊತೆ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಅವನು ಆಚೆ ಬದಿಯ ಕಿಟಕಿಗೆ ಮುಖ ತಿರುಗಿಸಿ ಕೂರುತ್ತಿದ್ದ.

ಪಿಂಚಣಿ ಬಂದ ಮೇಲೆ ಮಿಷಿಗನ್‌ನ ಯಾವುದೋ ರೈತನ ಕೊಟ್ಟಿಗೆಯಿಂದ ಆ ಕಾರನ್ನು ಎಳೆಸಿಕೊಂಡು ಬಂದ. ಐವತ್ತೈದರದೇ, ಎರಡು ಬಾಗಿಲಿನದು. ಹಿಂದಿನ ಯಜಮಾನ ಒಳಗಿನ ತಗಡನ್ನೆಲ್ಲ ಆಮ್ಲದ ತೊಟ್ಟಿಗೆ ಅದ್ದಿಸಿ, ಬಣ್ಣದ ಕೆಳಗಿನ ಕೆಂಪು ಅಸ್ತರು ಬಳಿಸಿ, ಅಲ್ಲಿಗೇ ಕೈಬಿಟ್ಟಿದ್ದ. ಹಳೆಯ ಬಣ್ಣದ ಒಂದು ಚಕ್ಕೆಯೂ ಉಳಿದಿರಲಿಲ್ಲ. ಚೆಸ್ಟರ್ ಸ್ಕ್ರೂ ತೂತುಗಳ ಒಳಗೆಲ್ಲ ದೀಪ ಹಿಡಿದು ನೋಡಿದ. ಗುಜರಿ ಅಂಗಡಿಗಳಿಗೆ ಅಲೆದ. ಅಲ್ಲಿ ಸಿಕ್ಕಿದ ಪಟ್ಟಿಗಳು ಬಿಸಿಲಿಗೆ ಸುಟ್ಟಿದ್ದವು, ಇಲ್ಲವೇ ಆಮೇಲೆ ಯಾರೋ ಪುಸ್ತಕ ನೋಡಿ ಹೊಡೆಸಿದಂಥವು.

ಪುಸ್ತಕ ಎಂದರೆ ಬಣ್ಣದ ಚೀಟಿಗಳ ಪುಸ್ತಕ. ಹಳೇ ಕಾರಿನ ಕ್ಲಬ್ಬಿನವರಿಗೆ ಅದೇ ಬೈಬಲ್ಲು. ಅದರಲ್ಲಿದ್ದದ್ದು ಆಫೀಸಿನವರ ನೀಲಿ ಬೂದು. ಕ್ಲಬ್ಬಿನ ಗಂಡಸೊಬ್ಬ ಮನೆಗೆ ಬಂದು ಅದನ್ನು ಬಿಚ್ಚಿ ತೋರಿಸಿದಾಗ ಚೆಸ್ಟರ್ ನೋಡಲೂ ಇಲ್ಲ.

"ಅದು ಅವರು ಹೇಳಿದ ಬಣ್ಣ," ಎಂದ. "ನಾವು ಹೊಡೆದ ಬಣ್ಣ ಬೇರೆ."

ಉಳಿದದ್ದೆಲ್ಲವನ್ನೂ ಅವನು ಸರಿಯಾಗಿಯೇ ಆರಿಸಿದ. ಹಿಡಿಕೆಗಳಿಗೆ ಕ್ರೋಮ್ ಹಾಕಿಸಲು ಹೋದಾಗ ಅಂಗಡಿಯವನು ಕನ್ನಡಿಯ ಹಾಗೆ ಹೊಳೆಯಿಸಿ ಕೊಡುತ್ತೇನೆ ಎಂದ. ಬೇಡ, ಕಾರ್ಖಾನೆಯಲ್ಲಿ ಅಷ್ಟು ತಿಕ್ಕಲು ಯಾರಿಗೆ ಪುರಸೊತ್ತಿತ್ತು, ಅರ್ಧ ಹೊಳಪು ಸಾಕು ಎಂದು ಚೆಸ್ಟರ್ ಅವನ ಜೊತೆ ಜಗಳಕ್ಕೇ ನಿಂತ. ಡ್ಯಾಶ್‌ಬೋರ್ಡಿನ ಮೇಲ್ಮೈ ಮಿಂಚದ ಕಪ್ಪಾಗಬೇಕೆಂದು ಮೂರು ಸಲ ಕೆರೆದು ಹೊಡೆದ. ಸೀಟಿನ ಬಟ್ಟೆಯ ಗೆರೆ ಒಂದು ನೂಲು ಅಗಲವಾಗಿದೆ ಎಂದು ಇಡೀ ಥಾನನ್ನು ವಾಪಸು ಕಳಿಸಿದ. ಎಲ್ಲ ಮುಗಿದು ಪಟ್ಟಿಗಳ ಬಣ್ಣ ಒಂದು ಉಳಿಯಿತು. ಅದಕ್ಕೆ ಆಧಾರ ಅಂತ ಇದ್ದದ್ದು ಅವನ ತಲೆ ಮಾತ್ರ.

ತಲೆಯಲ್ಲಿದ್ದದ್ದನ್ನು ಡಬ್ಬಿಗೆ ಇಳಿಸಲು ಕೂತ. ಕಲಸಿದ ಬಣ್ಣವನ್ನು ಉಪ್ಪಿನಕಾಯಿ ಜಾಡಿಯ ಮುಚ್ಚಳಗಳ ಮೇಲೆ ಹೊಡೆದು, ಲೋಟಿಯ ಬಟ್ಟೆ ತಂತಿಗೆ ಕ್ಲಿಪ್ಪು ಹಾಕಿ ತೂಗುಬಿಡುತ್ತಿದ್ದ. ಬಿಸಿಲಲ್ಲಿ ಒಮ್ಮೆ, ಮೋಡವಾದಾಗ ಒಮ್ಮೆ ನೋಡುತ್ತಿದ್ದ. ತಲೆಯಾಡಿಸುತ್ತಿದ್ದ. ಇನ್ನೂ ಹಳದಿ, ಇನ್ನೂ ಹಳದಿ ಎಂದು ಗೊಣಗುತ್ತ ನೀಲಿ ಬೆರೆಸುತ್ತಿದ್ದ.

ಅದೇ ಹೊತ್ತಿಗೆ ಅವನು ಹೆಂಡತಿಯ ಒಗೆತಕ್ಕೂ ಕೊಂಕು ತೆಗೆದ. "ಏನೇ ಮುದುಕಿ, ಚಾದಲ್ಲಿ ಅದ್ದಿ ಒಣಗಿಸ್ತೀಯಾ ಹೊದಿಕೇನ? ಹಳದಿಗಟ್ಟಿದೆ."

ಲೋಟಿಗೆ ಅದು ಚುಚ್ಚಿತು. ಜೀವಮಾನವೆಲ್ಲ ಬಿಳಿ ಬಟ್ಟೆ ಒಗೆದವಳು. ಅವಳ ಕಣ್ಣಿಗೆ ಬೆಳ್ಳಗೇ ಕಾಣುತ್ತಿತ್ತು. ಆದರೂ ಮುಂದಿನ ಸಲ ನೀಲಿ ಜಾಸ್ತಿ ಹಾಕಿದಳು. ಅದರ ಮುಂದಿನ ಸಲ ಇನ್ನೂ ಜಾಸ್ತಿ ಹಾಕಿದಳು. ನೆರೆಯವಳು ಬೇಲಿಯ ಆಚೆಯಿಂದ ನೋಡಿ, ಸತ್ತವರ ಹೊದಿಕೆಯ ಹಾಗಿದೆಯಲ್ಲೇ ಎಂದು ನಕ್ಕಳು. ಆಗ ಚೆಸ್ಟರ್, ಹಾ, ಈಗ ಪರವಾಗಿಲ್ಲ ಎಂದ.

ಕೊನೆಗೆ ಒಂದು ಮುಚ್ಚಳ ಅವನ ಮನಸ್ಸಿಗೆ ಬಂತು. ಇದೇ ಎಂದ. ಮುಂದೆ, ಹಿಂದೆ, ಮಗ್ಗುಲು ಸೇರಿ ಆರು ಪಟ್ಟಿಗಳಿಗೂ ಹೊಡೆದು, ಒಣಗಿಸಿ, ಕೂರಿಸಿ, ಹೆಂಡತಿಯನ್ನು ಗ್ಯಾರೇಜಿಗೆ ಕರೆದು ಸೀಟಿನಲ್ಲಿ ಕೂರಿಸಿದ. ಅವನ ಮುಖ ಮದುವೆಯ ದಿನವೂ ಹಾಗಿರಲಿಲ್ಲ.

ಲೋಟಿ ಸುತ್ತ ನೋಡಿದಳು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. "ನೀಲಿ ಕಾಣ್ತದೆ ಕಣೋ," ಎಂದಳು.

"ಕಾರ್ಖಾನೇಲಿ ನೀನಿದ್ಯಾ, ನಾನಿದ್ನಾ?"

ಅವಳು ಇರಲಿಲ್ಲ. ಅವನು ಹೊಡೆದದ್ದು ಅವನಿಗಲ್ಲದೆ ಇನ್ನಾರಿಗೆ ಗೊತ್ತಿರುತ್ತದೆ ಎಂದುಕೊಂಡಳು.

ಆ ಬೇಸಿಗೆ ಕ್ಲಬ್ಬಿನ ಜಾತ್ರೆ ಅವರ ಊರಿನಲ್ಲೇ ಆಯಿತು. ಎಲ್ಲೆಲ್ಲಿಂದಲೋ ಹಳೇ ಕಾರುಗಳು ಬಂದು ಪಾರ್ಕಿನ ಹುಲ್ಲಿನ ಮೇಲೆ ಸಾಲು ನಿಂತವು. ಚೆಸ್ಟರ್ ಬಹುಮಾನಕ್ಕೆ ಬಂದಿರಲಿಲ್ಲ. ಪುಸ್ತಕದ ಬಣ್ಣ ಅಲ್ಲ ಎಂದು ಅಂಕ ಕಡಿಯುತ್ತಾರೆ, ಕಡಿಯಲಿ ಎಂದು ಮೊದಲೇ ಹೇಳಿದ್ದ. ಅವನು ಕಾದದ್ದು ಸ್ಟಾಶ್‌ಗೆ. ಬಣ್ಣದ ಕೋಣೆಯವರಲ್ಲಿ ಉಳಿದಿದ್ದವರು ಅವರಿಬ್ಬರೇ. ಹೀಗಾಗಿ ಆ ಬಣ್ಣಕ್ಕೆ ಸಾಕ್ಷಿ ಹೇಳಬಲ್ಲವನು ಭೂಮಿಯ ಮೇಲೆ ಇನ್ನೊಬ್ಬ ಇರಲಿಲ್ಲ.

ತಮಾಷೆಯೆಂದರೆ ಅಂಕ ಅಷ್ಟೇನೂ ಕಡಿಯಲಿಲ್ಲ. ತೀರ್ಪುಗಾರ ಪುಸ್ತಕದ ಚೀಟಿಯನ್ನು ಪಟ್ಟಿಯ ಪಕ್ಕ ಹಿಡಿದು, ಬಹಳ ಹತ್ತಿರ ಬಂದಿದ್ದೀರಿ ಎಂದು ಹೊಗಳಿಬಿಟ್ಟ. ಚೆಸ್ಟರ್‌ಗೆ ಅರ್ಥವಾಗಲಿಲ್ಲ. ಆ ಮನುಷ್ಯನಿಗೆ ಕಣ್ಣು ಮಂಜು ಎಂದು ಲೋಟಿಯ ಕಿವಿಯಲ್ಲಿ ಹೇಳಿದ.

ಮಧ್ಯಾಹ್ನದ ಮೇಲೆ ಸ್ಟಾಶ್ ಕೋಲೂರಿಕೊಂಡು ಬಂದ. ಒಂದು ಕೈಯಲ್ಲಿ ಸಾಸೇಜು ಇಟ್ಟ ಬ್ರೆಡ್ಡು. ಕಿಟಕಿಯೊಳಗೆ ತಲೆ ಹಾಕಿ ಬಹಳ ಹೊತ್ತು ನೋಡಿದ. ಅಗಿಯುವುದನ್ನು ನಿಲ್ಲಿಸಿದ.

"ಸೀಟು ಚೆನ್ನಾಗಿದೆ," ಎಂದ. "ಈ ಪಟ್ಟಿ ಯಾರು ಹೊಡೆದದ್ದು?"

"ಇನ್ಯಾರು, ನಾನೇ."

"ಆಫೀಸಿನವರು ನಿನ್ನನ್ನ ಈಗ ಕೊಂಡ್ಕೊಂಡ್ರಾ?" ಸ್ಟಾಶ್ ನಗಲಿಲ್ಲ. "ಲೋ ಚೆಸ್ಟರ್, ಕಂದು ಎಲ್ಲೋ? ಇದು ಆಸ್ಪತ್ರೆ ಮಂಚದ ಬಣ್ಣ."

ಚೆಸ್ಟರ್‌ನ ಕಿವಿ ಕೆಂಪಾದವು. ಕುಡಿದು ಬಂದಿದ್ದೀಯಾ ಎಂದು ಕೇಳಿದ. ಸ್ಟಾಶ್, ಹೋದ ವರ್ಷ ನನ್ನ ಎರಡೂ ಕಣ್ಣಿನ ಪೊರೆ ತೆಗೆಸಿದೆ, ನೀನೂ ಹೋಗಿ ತೋರಿಸು ಎಂದ. ಒಬ್ಬರ ಮೇಲೊಬ್ಬರು ಹಳೆಯದನ್ನೆಲ್ಲ ಎತ್ತಿ ಆಡಿದರು. ಯಾರ ಗನ್ನು ಸೋರುತ್ತಿತ್ತು, ಯಾರ ಪಟ್ಟಿ ವಾಪಸು ಬರುತ್ತಿತ್ತು, ಎಲ್ಲ ಬಂತು. ಆಮೇಲೆ ಚೆಸ್ಟರ್ ಶುಕ್ರವಾರದ ಮೀನೂಟಕ್ಕೆ ಪೋಲಿಷ್ ಕೇರಿಯ ಕ್ಲಬ್ಬಿಗೆ ಹೋಗುವುದನ್ನೇ ನಿಲ್ಲಿಸಿದ. ಸ್ಟಾಶ್ ಅಲ್ಲಿರುತ್ತಿದ್ದ.

ಆದರೆ ಆ ಮಾತು ಒಳಗೆ ಕೂತುಬಿಟ್ಟಿತ್ತು. ಸ್ಟಾಶ್‌ನದೇ ತಪ್ಪೆಂದು ತೋರಿಸಬೇಕೆಂದು, ಎಲೆ ಉದುರುವ ಹೊತ್ತಿಗೆ ಅವನು ತಾನೇ ಕಣ್ಣಿನ ಡಾಕ್ಟರ ಹತ್ತಿರ ಹೋದ. ಡಾಕ್ಟರಮ್ಮ ಎರಡೂ ಕಣ್ಣಿನಲ್ಲಿ ಪೊರೆ ಕಂದಾಗಿದೆ ಎಂದಳು. ಮೊದಲು ಬಲಗಣ್ಣಿನ ಆಪರೇಷನ್, ಆಮೇಲೆ ಎಡಗಣ್ಣಿನದು ಮಾಡೋಣ ಎಂದಳು.

ಬಲಗಣ್ಣಿನ ಬ್ಯಾಂಡೇಜು ಬಿಚ್ಚಿದ ದಿನ ಲೋಟಿ ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದಳು. ಅವನು ಬಂದು ತಂತಿಯ ಮುಂದೆ ನಿಂತ. ಹೊದಿಕೆಯ ಅಂಚನ್ನು ಹಿಡಿದು ನೋಡಿದ.

"ಇಷ್ಟು ನೀಲಿ ಯಾಕೆ ಹಾಕಿದ್ದೀಯ?" ಎಂದ.

ಲೋಟಿಗೆ ಆ ಕ್ಷಣದಲ್ಲೇ ಎಲ್ಲ ತಿಳಿಯಿತು. ಅವನಿಗೂ ತಿಳಿಯಿತು. ಅವನು ಹೊದಿಕೆಯನ್ನು ಬಿಟ್ಟು ಗ್ಯಾರೇಜಿನ ಕಡೆ ನಡೆದ. ಅವಳೂ ಹಿಂದೆ ಹೋದಳು.

ಅವನು ಕಾರಿನಲ್ಲಿ ಕೂತು ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದ. ಆಮೇಲೆ ಬಲಗಣ್ಣನ್ನು ಮುಚ್ಚಿ ನೋಡಿದ. ಮತ್ತೆ ಎಡ, ಮತ್ತೆ ಬಲ. ಅಷ್ಟು ವರ್ಷ ತನ್ನ ಕಣ್ಣಿನ ಹಳದಿಯನ್ನು ಡಬ್ಬಿಯೊಳಗಿನದೆಂದು ತಿಳಿದು ಅದನ್ನು ಕೊಲ್ಲಲು ನೀಲಿ ಸುರಿದಿದ್ದ. ಸುರಿದು ಸುರಿದು, ಆಫೀಸಿನವರು ಕಳಿಸಿದ ಅದೇ ಬಣ್ಣಕ್ಕೆ ಹೋಗಿ ಮುಟ್ಟಿದ್ದ. ಲೋಟಿ ಒಳಗೆ ಹೋಗಿ ಸೂಪು ಬಿಸಿಮಾಡಿದಳು. ಅವನು ಊಟಕ್ಕೆ ಬರಲಿಲ್ಲ.

ಎಡಗಣ್ಣಿಗೆ ದಿನ ಗೊತ್ತಾಗಿತ್ತು. ಅವನು ಹೋಗಲಿಲ್ಲ. ಆಸ್ಪತ್ರೆಯಿಂದ ಫೋನು ಬಂದರೆ ಎತ್ತುತ್ತಿರಲಿಲ್ಲ. ಬೆಳಗಾದರೆ ಗ್ಯಾರೇಜಿಗೆ ಹೋಗಿ, ಹೊಸ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಹಳೇ ಕಣ್ಣಿನಲ್ಲಿ ಪಟ್ಟಿಗಳನ್ನು ನೋಡುತ್ತ ಕೂರುತ್ತಿದ್ದ. ಹಿಮ ಬಿದ್ದ ಮೇಲೂ ಕೋಟು ಹಾಕಿಕೊಂಡು ಕೂರುತ್ತಿದ್ದ. ಲೋಟಿ ತಡೆದು ತಡೆದು ಒಂದು ದಿನ ಬಾಗಿಲು ತೆಗೆದು ಕೇಳಿಯೇಬಿಟ್ಟಳು.

"ಏ ಮುದುಕ, ಬೇಕಂತಲೇ ಕುರುಡನಾಗ್ತೀಯಾ?"

ಅವನು ಅಂಗೈ ತೆಗೆಯಲಿಲ್ಲ. "ಈ ಕಣ್ಣಲ್ಲಿ ಅದು ಸರಿಯಾಗಿದೆ ಲೋಟಿ. ಇದನ್ನೂ ತೆಗೆಸಿದ್ರೆ ಎಲ್ಲೂ ಸರಿ ಇರಲ್ಲ."

ಅವಳು ಬಾಗಿಲು ಮುಚ್ಚಿ ಬಂದಳು. ಮತ್ತೆ ಆ ಮಾತು ಎತ್ತಲಿಲ್ಲ.

ಹಳೇ ಕಣ್ಣಿನ ಪೊರೆ ಸುಮ್ಮನೆ ಕೂರುವಂಥದ್ದಲ್ಲ. ಈಸ್ಟರ್ ಬರುವಷ್ಟರಲ್ಲಿ ಅದು ದಪ್ಪವಾಗಿ, ಆ ಕಣ್ಣಿಗೆ ಕಾರು ಒಂದು ಕಂದು ಮುದ್ದೆಯಾಗಿ ಉಳಿಯಿತು. ಇನ್ನು ಅವನಿಗಿದ್ದದ್ದು ನಿಜ ಕಾಣುವ ಕಣ್ಣು ಒಂದೇ. ಆಗ ಅವನು, ಪಟ್ಟಿಗಳನ್ನು ಮತ್ತೆ ಹೊಡೆಯೋಣ ಎಂದ. ಬಣ್ಣ ಆರಿಸಲು ಸ್ಟಾಶ್‌ನನ್ನು ಕರೆಯುತ್ತೇನೆ, ಕ್ಷಮೆ ಕೇಳುತ್ತೇನೆ ಎಂದು ಹೊಸ ಅಂಗಿ ಹಾಕಿಕೊಂಡು ಹೋದ. ಸ್ಟಾಶ್‌ಗೆ ಚಳಿಗಾಲದಲ್ಲಿ ಲಕ್ವ ಹೊಡೆದಿತ್ತು. ಅವನ ಮಗಳು ಕೇಳಿದವರಿಗೆಲ್ಲ ಹೇಳಿದ್ದಳು, ಇವನು ಯಾರನ್ನೂ ಕೇಳಿರಲಿಲ್ಲ. ಚೆಸ್ಟರ್ ಮಂಚದ ಪಕ್ಕ ಕೂತು ಮುಚ್ಚಳಗಳನ್ನು ಒಂದೊಂದಾಗಿ ತೋರಿಸಿದ. ಸ್ಟಾಶ್ ಎಲ್ಲವನ್ನೂ ನೋಡಿ ಎಲ್ಲಕ್ಕೂ ಒಂದೇ ಥರ ನಕ್ಕ.

ಮನೆಗೆ ಬಂದು ಚೆಸ್ಟರ್ ಅಡುಗೆಮನೆಯ ಮೇಜಿಗೆ ಕೂತ. ಮೊದಲ ಸಲ ಹೆಂಡತಿಯ ಮುಂದೆ ಭಯ ತೋರಿಸಿದ.

"ತಪ್ಪು ಬಣ್ಣ ನೋಡ್ತಾ ನೋಡ್ತಾ ತಲೇಲಿದ್ದದ್ದೂ ಕೆಟ್ಟುಹೋಯ್ತಾ ಅಂತ," ಎಂದ. "ಈಗ ನೆನಪಾಗೋದು ಯಾವ್ದು, ಅಂದ್ಕೊಂಡದ್ದು ಯಾವ್ದು, ನಂಗೇ ತಿಳೀತಿಲ್ಲ ಕಣೇ."

ಕಲಸು, ನೋಡೋಣ ಎಂದಳು ಲೋಟಿ.

ಬೇಸಿಗೆಯೆಲ್ಲ ಕಲಸಿದ. ಕೈ ನಡುಗುತ್ತಿತ್ತು. ಗನ್ನು ಹಿಡಿದರೆ ಬಣ್ಣ ಅಲೆಯಲೆಯಾಗಿ ಬೀಳುತ್ತಿತ್ತು. ಕೊನೆಗೆ ಲೋಟಿಯೇ ಹಿಡಿದಳು. ಅವನು ಹಿಂದೆ ನಿಂತು ಅವಳ ಮೊಣಕೈ ಹಿಡಿದು ಸಾಗಿಸುತ್ತಿದ್ದ. ನಿಲ್ಲಿಸಬೇಡ, ಹೊರಗಿನಿಂದ ಶುರುಮಾಡಿ ಹೊರಗೆ ಹೋಗಿ ಬಿಡು ಎನ್ನುತ್ತಿದ್ದ. ಹೀಗೆ ಒಂದು ಪಟ್ಟಿ ಆಯಿತು, ಓಡಿಸುವವನ ಬಾಗಿಲಿನದು. ಅದನ್ನು ಕೂರಿಸಿ ಅವನು ಒಂದೇ ಕಣ್ಣಿನಲ್ಲಿ ಬಹಳ ಹೊತ್ತು ನೋಡಿದ. ಮುಖದಲ್ಲಿ ಹಿಂದಿನ ಸಲದ ಬೆಳಕೇನೂ ಇರಲಿಲ್ಲ. ಆದರೆ ತಲೆ ತಗ್ಗಿಸಿ, "ಇದು," ಎಂದ. ಅಷ್ಟೇ.

ಸೀಟಿನ ಬಟ್ಟೆಯ ಪಕ್ಕ ಅದು ಬೆಚ್ಚಗೆ ಕೂತಿತ್ತು. ಕಾರ್ಖಾನೆಯಲ್ಲಿ ಇಲ್ಲದಿದ್ದ ಲೋಟಿಗೂ ಅದು ಕಾಣುತ್ತಿತ್ತು.

ಎರಡನೆಯದನ್ನು ಬಿಚ್ಚುವ ಮೊದಲೇ ಅವನು ಹೋದ. ಅಡುಗೆಮನೆಯಲ್ಲಿ, ಕಾಫಿ ಲೋಟದ ಮುಂದೆ. ಲೋಟಿ ಒಲೆಯ ಕಡೆ ಮುಖ ಮಾಡಿ ಏನೋ ಹೇಳುತ್ತಿದ್ದಳು. ಏನು ಹೇಳುತ್ತಿದ್ದಳೆಂದು ಅವಳಿಗೆ ಆಮೇಲೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ತಿರುಗಿದಾಗ ಕೇಳಿಸಿಕೊಳ್ಳುವವನಿರಲಿಲ್ಲ.

ಉಳಿದ ಪಟ್ಟಿಗಳನ್ನು ತಾನೇ ಹೊಡೆಯಬೇಕೆಂದು ಅವಳು ಒಂದು ದಿನ ಗ್ಯಾರೇಜಿಗೆ ಹೋದಳು. ಡಬ್ಬಿಯೊಳಗೆ ಬಣ್ಣ ಗಟ್ಟಿಯಾಗಿತ್ತು. ಯಾವುದಕ್ಕೆ ಯಾವುದನ್ನು ಎಷ್ಟು ಹಾಕಿದ್ದನೋ ಅವನು ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ. ಚಾಕುವಿನಿಂದ ಡಬ್ಬಿಯನ್ನು ಕೆದಕಿ ಅಲ್ಲೇ ಇಟ್ಟು ಬಂದಳು.

ಗ್ಯಾರೇಜಿನ ಮಾಡು ಕುಸಿಯತೊಡಗಿತು. ಅವಳಿಗೆ ಕಾರು ಓಡಿಸಲು ಬರುವುದಿಲ್ಲ. ಮೊದಲು ಬಣ್ಣದ ಪುಸ್ತಕ ತಂದು ತೋರಿಸಿದ್ದ ಕ್ಲಬ್ಬಿನ ಗಂಡಸು ಒಬ್ಬ ಕೊಳ್ಳುವವನನ್ನು ಕಳಿಸಿದ. ಒಹಾಯೋದವನು, ರಾಸ್ ಎಡ್ಮಂಡ್ಸನ್ ಎಂದು ಹೆಸರು, ಒಳ್ಳೆಯ ಮನುಷ್ಯ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಗಂಡ ಹೋದದ್ದಕ್ಕೆ ಎರಡು ಮಾತು ಆಡಿ, ಆಮೇಲೆ ಕಾರು ನೋಡಿದ. ಸೀಟು ಹೊಗಳಿದ. ಹಿಡಿಕೆಗಳ ಅರ್ಧ ಹೊಳಪನ್ನು ಗುರುತಿಸಿ, ಇದನ್ನು ತಿಳಿದವರೇ ಮಾಡಿಸಿದ್ದು ಎಂದ. ಓಡಿಸುವವನ ಬಾಗಿಲು ತೆಗೆದು ನಿಂತುಕೊಂಡ.

"ಇದೊಂದು ಮಾತ್ರ ಹೊಂದ್ತಿಲ್ಲ ಅಮ್ಮ. ಪರವಾಗಿಲ್ಲ, ಉಳಿದ ಐದಕ್ಕೆ ಹೊಂದೋ ಹಾಗೆ ಇದಕ್ಕೂ ಹೊಡೆಸಿಬಿಡ್ತೀನಿ."

ಲೋಟಿ ಅವನಿಗೆ ಹೇಳಿದಳು. ಮೇಸ್ತ್ರಿಯ ಕಾಫಿ ಡಬ್ಬಿ, ಪೀಪಾಯಿ, ಸ್ಟಾಶ್, ಚೆಸ್ಟರ್‌ನ ಕಣ್ಣು, ಎಲ್ಲ ಹೇಳಿದಳು. ಅವಳಿಗೆ ಕಥೆ ಹೇಳಿ ಅಭ್ಯಾಸವಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಕಲಸಿಹೋಯಿತು. ಎಡ್ಮಂಡ್ಸನ್ ತಾಳ್ಮೆಯಿಂದ ಕೇಳಿದ.

"ಆ ಕಂದು ಬೆರೆಸಿದ್ದು ಎಲ್ಲಾದರೂ ಬರೆದಿದೆಯಾ?" ಎಂದು ಕೇಳಿದ.

"ಇಲ್ಲ."

"ಅವರ ಕಣ್ಣಿಗೆ ಪೊರೆ ಬಂದಿತ್ತು ಅಂದ್ರಲ್ಲ. ಪಾಪ, ಕೊನೇಲಿ ಹೊಡೆದ ಪಟ್ಟಿ ಅಲ್ವಾ ಇದು."

"ಪೊರೆ ಇದ್ದಾಗ ಹೊಡೆದದ್ದು ಆ ಐದು," ಎಂದಳು ಲೋಟಿ. "ಕಣ್ಣು ಕಾಣ್ತಿದ್ದಾಗ ಹೊಡೆದದ್ದು ಇದು."

ಅವನು ತಲೆಯಾಡಿಸಿದ. ಸತ್ತವರ ಮನೆಯಲ್ಲಿ ವಾದ ಮಾಡಬಾರದೆಂದು ಆಡಿಸುವ ತಲೆ ಅದು. ಈ ಪಟ್ಟಿಯನ್ನು ಬಿಚ್ಚಿ ಕೊಡಲೇ, ನಿಮ್ಮ ಹತ್ತಿರ ಇರಲಿ, ನನಗೆ ಬೇರೆ ಸಿಗುತ್ತದೆ ಎಂದೂ ಕೇಳಿದ. ಲೋಟಿ ಬೇಡ ಎಂದಳು. ಕಾರಿಲ್ಲದ ಪಟ್ಟಿ ಒಂದು ತಗಡು. ಅದು ಯಾವುದರ ಪಕ್ಕ ಬೆಚ್ಚಗೆ ಕಾಣಬೇಕಿತ್ತೋ ಆ ಸೀಟು ಒಹಾಯೋಗೆ ಹೋಗುತ್ತಿತ್ತು.

ಅವನು ಕಾರನ್ನು ಟ್ರೈಲರಿಗೆ ಏರಿಸಿ ಸರಪಳಿ ಬಿಗಿದ. ಬಿಗಿಯುವಾಗ ಬಣ್ಣಕ್ಕೆ ತಾಗದಿರಲೆಂದು ನಡುವೆ ಬಟ್ಟೆ ಇಟ್ಟ. ನಿಜವಾಗಿಯೂ ಒಳ್ಳೆಯ ಮನುಷ್ಯ. ಅವನು ಆ ಪಟ್ಟಿಯನ್ನು ಕೆರೆಯುತ್ತಾನೆ. ಚೆನ್ನಾಗಿ ಕೆರೆದು, ಪುಸ್ತಕ ನೋಡಿ, ಆರನ್ನೂ ಒಂದೇ ನೀಲಿ ಬೂದು ಮಾಡುತ್ತಾನೆ. ಹುಲ್ಲಿನ ಮೇಲೆ ನಿಲ್ಲಿಸಿದಾಗ ತೀರ್ಪುಗಾರರು ಪೂರ್ತಿ ಅಂಕ ಕೊಡುತ್ತಾರೆ. ಲೋಟಿಗೆ ಇದೆಲ್ಲ ಅಂಗಳದಲ್ಲಿ ನಿಂತಾಗಲೇ ಕಾಣುತ್ತಿತ್ತು. ಹಣ ವಾಪಸು ಕೊಟ್ಟು, ಇಳಿಸು ಎನ್ನಬಹುದಿತ್ತು. ಅವನು ಇಳಿಸಿಯೂ ಬಿಡುತ್ತಿದ್ದ.

ಅವಳು ಹೇಳಲಿಲ್ಲ. ಇಳಿಸಿಕೊಂಡು ಯಾರಿಗೆ ತೋರಿಸುವುದಿತ್ತು.